ಇಂಟರ್ವಲ್‌ಗೆ ಎದ್ದು ನಿಲ್ಲಬೇಕು

ದೀಪ ಆರಿದ ಕೂಡಲೇ ನಿದ್ದೆಹೋಗುವ ಮನುಷ್ಯನನ್ನು ಸಿನಿಮಾಕ್ಕೆ ಕಳಿಸಬಾರದು. ಒಂದು ಚಾಪೆ ಹಾಸಿಕೊಟ್ಟು ಮಲಗಪ್ಪಾ ಎಂದರೆ ಮುಗಿಯಿತು. ಆದರೆ ಕತ್ತರಿಯನ್ನು ಪ್ರತಿ ಮಂಗಳವಾರ ಮಧ್ಯಾಹ್ನದ ಆಟಕ್ಕೆ ಅಟ್ಟುತ್ತಿದ್ದವಳು ಅವನ ಅಕ್ಕ. ಅಕ್ಕನ ಮಾತಿಗೆ ಎದುರಾಡಿ ಗೆದ್ದವರು ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಕತ್ತರಿ ಎಂಬುದು ಸಲೂನಿಗೆ ಬರುವವರು ಇಟ್ಟ ಹೆಸರು. ವಯಸ್ಸು ಐವತ್ತನಾಲ್ಕು. ಅಂಗಡಿಯಲ್ಲಿ ಕುರ್ಚಿ ಮೂರಿದ್ದರೂ ಕೆಲಸ ಮಾಡುವ ಕೈ ಅವನದೊಂದೇ. ಬೆಳಿಗ್ಗೆ ಎಂಟಕ್ಕೆ ಶಟರ್ ಎತ್ತಿದರೆ ಇಳಿಸುವುದು ರಾತ್ರಿ ಎಂಟಕ್ಕೆ, ನಡುವೆ ಊಟಕ್ಕೊಂದು ಸಲ ಮನೆಗೆ ಓಟ. ಎಲ್ಲ ನಿಂತೇ ಮಾಡುವ ಕೆಲಸ. ಬಂದವರು ಆರಾಮಾಗಿ ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚುತ್ತಾರೆ, ಇವನು ಅವರ ಸುತ್ತ ಗಾಣದೆತ್ತಿನ ಹಾಗೆ ಸುತ್ತುತ್ತಾನೆ. ಸಂಜೆಯ ಹೊತ್ತಿಗೆ ಕಾಲು ತನ್ನದೋ ಪಕ್ಕದ ಮನೆಯವರದೋ ಗೊತ್ತಾಗುತ್ತಿರಲಿಲ್ಲ. ಯಾಕಯ್ಯಾ ಮದುವೆಯಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ನಿಮ್ಮೆಲ್ಲರ ತಲೆ ನೋಡ್ಕೊಳ್ಳೋದ್ರಲ್ಲಿ ನನ್ನ ತಲೆ ಮರೆತೋಯ್ತು" ಎಂದು ನಗಿಸಿಬಿಡುತ್ತಿದ್ದ.

ಅಕ್ಕ ಅವನಿಗಿಂತ ಹತ್ತು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ಇವನಿಗೆ ಆರು, ಅವಳಿಗೆ ಹದಿನಾರು. ಮೂಗು ಒರೆಸಿ, ಕಿವಿ ಹಿಂಡಿ, ಹೊಟ್ಟೆಗೆ ಹಾಕಿ ಬೆಳೆಸಿದವಳು ಅವಳೇ. ಬಟ್ಟೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅಂಗಿಗಳಿಗೆ ಗುಂಡಿ ಹೊಲಿದಳು. ಮದುವೆಯ ಮಾತು ಬಂದಾಗಲೆಲ್ಲ "ಮೊದಲು ಇವನೊಂದು ದಡ ಸೇರಲಿ" ಎಂದಳು. ಇವನು ದಡ ಸೇರುವಷ್ಟರಲ್ಲಿ ಅವಳಿಗೆ ದೋಣಿಯೇ ಬೇಸರವಾಗಿತ್ತು. ಹೀಗೆ ಇಬ್ಬರೂ ಒಂದೇ ಮನೆಯಲ್ಲಿ, ಬೈದಾಡಿಕೊಂಡು, ಚೆನ್ನಾಗಿಯೇ ಇದ್ದರು.

ಮೂರೂವರೆ ತಿಂಗಳ ಹಿಂದೆ ಅವಳು ಬಚ್ಚಲಲ್ಲಿ ಜಾರಿಬಿದ್ದಳು. ಬಿದ್ದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಕತ್ತರಿ ಊಟಕ್ಕೆ ಬಂದದ್ದು ಎರಡೂವರೆಗೆ. ಎಂದಿನಂತೆ ಒಂದೂವರೆಗೇ ಬರಬೇಕಿತ್ತು. ಅವತ್ತು ಕೊನೆಗಳಿಗೆಯಲ್ಲಿ ಇಬ್ಬರು ಬಂದು ಕೂತರು, ಇವನು ಇಲ್ಲವೆನ್ನಲಿಲ್ಲ. ಅಷ್ಟು ಹೊತ್ತೂ ಅವಳು ಒದ್ದೆ ನೆಲದ ಮೇಲೆ ಬಿದ್ದುಕೊಂಡೇ ಇದ್ದಳು. ಮುರಿದದ್ದು ಸೊಂಟದ ಮೂಳೆ. ಆಸ್ಪತ್ರೆಯಲ್ಲಿ ಒಳಗೊಂದು ರಾಡು ಹಾಕಿ ಕೂಡಿಸಿ, ನಾಲ್ಕು ಕಾಲಿನ ಒಂದು ವಾಕರ್ ಕೊಟ್ಟು ಕಳಿಸಿದರು. ಮೂಳೆ ಕೂಡಿತು. ಅಕ್ಕ ಮಾತ್ರ ಕಾಲು ನೆಲಕ್ಕೆ ಊರಲಿಲ್ಲ. ವಾಕರ್ ಎದುರಿನ ಗೋಡೆಯ ಮೂಲೆಯಲ್ಲಿ ನಿಂತು ಟವೆಲ್ ಒಣಗಿಸುವ ಕೆಲಸಕ್ಕೆ ಸೇರಿಕೊಂಡಿತು.

"ಮೂಳೆ ಕೂಡಿದೆ, ಧೈರ್ಯ ಕೂಡಿಲ್ಲ" ಎಂದಳು ವ್ಯಾಯಾಮ ಮಾಡಿಸಲು ಬರುತ್ತಿದ್ದ ಫಿಸಿಯೋ ಮೇಡಂ. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದಳು. ನಾಳೆ ನೋಡೋಣ ಎಂದಳು. ಅವಳ ನಾಳೆ ಬರಲೇ ಇಲ್ಲ.

ಆಸ್ಪತ್ರೆಯಿಂದ ಬಂದ ಮೇಲಿನ ಮೊದಲ ಮಂಗಳವಾರ, ವಾರದ ರಜೆ, ಕತ್ತರಿ ಬೆಳಿಗ್ಗೆಯಿಂದ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದ. ಮಧ್ಯಾಹ್ನದ ಹೊತ್ತಿಗೆ ಅಕ್ಕನಿಗೆ ರೇಗಿಹೋಯಿತು.

"ಹೆಣ ಕಾಯೋ ಹಾಗೆ ಏನೋ ಕೂತಿದೀಯ? ಎದ್ದು ಹೋಗು. ಒಂದು ಸಿನಿಮಾ ನೋಡ್ಕೊಂಡು ಬಾ. ಬಂದು ಕಥೆ ಹೇಳು."

"ನಿನ್ನ ಬಿಟ್ಟು ಹೆಂಗೆ ಹೋಗಲಿ ಅಕ್ಕ? ಬೇಕಾದ್ರೆ ಮೊಬೈಲಲ್ಲೇ ಹಾಕಿಕೊಡ್ತೀನಿ, ಇಬ್ಬರೂ ನೋಡೋಣ."

"ಅಷ್ಟಗಲದ ಡಬ್ಬೀಲಿ ನೋಡೋದು ಸಿನಿಮಾನಾ? ಬಾವಿ ಇಣುಕಿದ ಹಾಗಿರತ್ತೆ. ಟೈಲರಮ್ಮ ಬಂದು ಕೂತಿರ್ತಾಳೆ, ನೀನು ಹೊರಡು."

ಪಕ್ಕದ ಮನೆಯ ಟೈಲರಮ್ಮ ತನ್ನ ಕೈಹೊಲಿಗೆ ಹಿಡಿದುಕೊಂಡು ಬಂದು ಕೂತಳು. ಕತ್ತರಿ ಹೋದ. ಆ ಮೊದಲ ವಾರ ನಿಜಕ್ಕೂ ಕಣ್ಣು ಬಿಟ್ಟುಕೊಂಡೇ ನೋಡಿದ. ಯಾವುದೋ ನಗೆ ಸಿನಿಮಾ. ಬಂದವನು ಕಥೆ ಹೇಳುವ ಬದಲು ಬೈಯಲು ಶುರುಮಾಡಿದ. ಹೀರೋನ ಎಡಗಡೆ ಕೃತಾ ಕಿವಿಯ ತುದಿಗೆ ಬಂದರೆ ಬಲಗಡೆಯದು ಕಿವಿಯ ನಡುವಿಗೇ ನಿಂತಿದೆಯಂತೆ, ಮದುವೆಮನೆಯಲ್ಲಿ ಬೋಳಾಗಿದ್ದ ಮಾವ ಛತ್ರದ ಬಾಗಿಲು ದಾಟುವಷ್ಟರಲ್ಲಿ ನೆತ್ತಿಯ ಮೇಲೆ ಕೂದಲು ಬೆಳೆಸಿಕೊಂಡನಂತೆ. ಅಕ್ಕ ಕಿಸಕ್ಕನೆ ನಕ್ಕಳು. ನಗುವ ಭರದಲ್ಲಿ ಮೊಣಕೈ ಊರಿ ಎದ್ದು ಕೂತಳು, ಕಾಲು ಮಂಚದಿಂದ ಕೆಳಗಿಳಿಸಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳಾಗಿಯೇ ಎದ್ದು ಕೂತದ್ದು ಅದೇ ಮೊದಲು.

ಕತ್ತರಿಗೆ ಅಲ್ಲೇ ಒಂದು ಉಪಾಯ ಹೊಳೆಯಿತು. ಕಥೆಯ ಅರ್ಧಕ್ಕೆ ಗಕ್ಕನೆ ನಿಲ್ಲಿಸಿ, "ಇಂಟರ್ವಲ್" ಎಂದ.

"ಆಮೇಲೇನಾಯ್ತೋ?"

"ಇಂಟರ್ವಲ್‌ಗೆ ಎಲ್ಲರೂ ಎದ್ದು ನಿಲ್ತಾರೆ. ನೀನೂ ನಿಂತ್ಕೋ. ಆಮೇಲೆ ಹೇಳ್ತೀನಿ."

"ಥೂ, ನಿನ್ನ ಬುದ್ಧಿಗಿಷ್ಟು" ಎಂದು ಬೈದಳು. ಬೈಯುತ್ತಲೇ ಕಿಟಕಿಯ ಸರಳು ಹಿಡಿದು, ಹಲ್ಲು ಕಚ್ಚಿ, ನಿಂತಳು. ಹತ್ತು ಎಣಿಸುವಷ್ಟು ಹೊತ್ತು. ಅಂದಿನಿಂದ ಅದೇ ಆ ಮನೆಯ ನೇಮವಾಯಿತು. ಕಥೆ ನಡೆಯುವಷ್ಟು ಹೊತ್ತು ಕಾಲು ಕೆಳಗೆ, ಇಂಟರ್ವಲ್‌ಗೆ ಎದ್ದು ನಿಲ್ಲಬೇಕು, ನಿಂತ ಮೇಲೆ ಮುಂದಿನ ಕಥೆ. ವಾರದ ಉಳಿದ ಆರು ದಿನ ಫಿಸಿಯೋ ಮೇಡಂ ಎಷ್ಟು ಗೋಗರೆದರೂ ಅಲ್ಲಾಡದ ಅಕ್ಕ ಮಂಗಳವಾರ ಸಂಜೆ ಮಾತ್ರ ಏಳುತ್ತಿದ್ದಳು.

ಎಲ್ಲ ಸರಿಯಾಗಿತ್ತು, ನಿದ್ದೆಯೊಂದು ಬಿಟ್ಟು. ರಾತ್ರಿ ಎರಡೆರಡು ಸಲ ಎದ್ದು ಅಕ್ಕನ ಮಗ್ಗುಲು ಬದಲಿಸಬೇಕು, ಬೆಳಿಗ್ಗೆ ಅವಳ ಕೆಲಸವೆಲ್ಲ ಮುಗಿಸಿ ಅಂಗಡಿ ತೆರೆಯಬೇಕು. ಇಂಥವನನ್ನು ಕತ್ತಲ ಕೋಣೆಯ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದರೆ ಇನ್ನೇನಾಗುತ್ತದೆ? ಎರಡನೇ ವಾರ ಇಂಟರ್ವಲ್ ತನಕ ತಡೆದ. ಮೂರನೇ ವಾರ ಹೆಸರು ತೋರಿಸುವಷ್ಟರಲ್ಲೇ ತಲೆ ವಾಲಿತು. ಕಣ್ಣು ಬಿಟ್ಟಾಗ ದೀಪ ಹತ್ತಿತ್ತು, ಕಸ ಗುಡಿಸುವ ಹೆಂಗಸು ಪೊರಕೆಯ ಹಿಡಿಯಿಂದ ಅವನ ಮೊಣಕಾಲು ತಟ್ಟುತ್ತಿದ್ದಳು.

ಅವತ್ತು ಮನೆಯ ದಾರಿ ಹಿಡಿದವನಿಗೆ ಹೆದರಿಕೆಯಾಯಿತು. ಕಥೆ ಇಲ್ಲ ಎಂದರೆ ಇಂಟರ್ವಲ್ ಇಲ್ಲ. ಇಂಟರ್ವಲ್ ಇಲ್ಲ ಎಂದರೆ ಅವಳು ಏಳುವುದಿಲ್ಲ. ಪೇಪರಿನಲ್ಲಿ ಬರುವ ವಿಮರ್ಶೆ ನೋಡೋಣವೆಂದರೆ ಅದರಲ್ಲಿ ಅರ್ಧ ಕಥೆ ಬರೆದು, ಉಳಿದದ್ದನ್ನು ಪರದೆಯ ಮೇಲೆ ನೋಡಿ ಎಂದು ಕೈತೊಳೆದುಕೊಂಡಿರುತ್ತಾರೆ. ಆಗ ಅವನಿಗೆ ನೆನಪಾದದ್ದು ತನ್ನ ಕುರ್ಚಿ. ಅದರಲ್ಲಿ ಕೂತ ಗಂಡಸು ಬಾಯಿ ಮುಚ್ಚಿಕೊಂಡಿರುವುದುಂಟೆ? ವಾರವಿಡೀ ಅಲ್ಲಿ ಬಂದು ಬೀಳುವುದು ಸಿನಿಮಾ ಮಾತೇ.

ದಂತವೈದ್ಯರು ಹೊಡೆದಾಟದ ಸಿನಿಮಾ ಬಿಟ್ಟರೆ ಬೇರೆ ನೋಡುವವರಲ್ಲ. ಕತ್ತಿನ ಸುತ್ತ ಬಟ್ಟೆ ಕಟ್ಟುತ್ತಿದ್ದಂತೆ ಶುರುಮಾಡುತ್ತಿದ್ದರು.

"ಏನಯ್ಯಾ ಕತ್ತರಿ, ಹೊಸದೊಂದು ನೋಡಿದೆ. ಹೀರೋ ಮೂವತ್ತು ಜನಕ್ಕೆ ದವಡೆಗೇ ಬಾರಿಸ್ತಾನೆ. ಒಬ್ಬನದಾದ್ರೂ ಹಲ್ಲು ಬೀಳಬೇಕೋ ಬೇಡ್ವೋ? ವಿಲನ್ನು ಹದಿನಾಲ್ಕು ವರ್ಷ ಜೈಲಲ್ಲಿದ್ದು ಬರ್ತಾನೆ, ನಗ್ತಾನೆ, ಮುಂದಿನ ನಾಲ್ಕು ಹಲ್ಲಿಗೂ ಬಿಳೀ ಕ್ಯಾಪು! ಜೈಲಲ್ಲಿ ಯಾರಪ್ಪಾ ಹಾಕಿದ್ದು?"

"ಕಥೆ ಹೆಂಗಿದೆ ಡಾಕ್ಟ್ರೇ?"

"ಕಥೆ ಏನು ಕಥೆ? ಅಪ್ಪನ್ನ ಕೊಂದೋರನ್ನ ಮಗ ಕೊಲ್ತಾನೆ. ಹಲ್ಲು ಮಾತ್ರ ಯಾರದ್ದೂ ಅಲ್ಲಾಡಲ್ಲ."

ಟೈಲ್ಸ್ ಮೇಸ್ತ್ರಿಗೆ ದೆವ್ವದ ಸಿನಿಮಾ ಎಂದರೆ ಪ್ರಾಣ. "ನೂರು ವರ್ಷದಿಂದ ಬೀಗ ಹಾಕಿದ ಮನೆ ಅಂತಾರೆ ಅಣ್ಣ. ಬಾಗಿಲು ತೆಗೆದ್ರೆ ಹೋದ ವರ್ಷ ಬಂದಿರೋ ಎರಡಡಿ ಟೈಲ್ಸು ಫಳಫಳ ಅಂತದೆ! ಟೈಲ್ಸ್ ನಡುವಿನ ಕೂಡುಗೆರೆ ಕೂಡ ಸರಿಯಾಗಿ ತುಂಬಿಲ್ಲ. ನಾನು ಹೆದರ್ಕೊಂಡಿದ್ದು ಅದನ್ನ ನೋಡಿ. ದೆವ್ವ ಪಾಪ ನೆಲ ಮುಟ್ಟದೆ ತೇಲ್ಕೊಂಡು ಬರತ್ತೆ, ಅದಕ್ಕಿರೋ ಬುದ್ಧಿ ನಮ್ಮ ಕೆಲಸದವರಿಗಿಲ್ಲ, ಹಸಿ ನೆಲ ತುಳೀತಾರೆ."

ಬೇಕರಿಯವರು ಆರಡಿ ಆಳು, ಮೀಸೆ ನೋಡಿದರೆ ಮಕ್ಕಳು ಹೆದರಬೇಕು. ಅವರು ನೋಡುವುದು ಪ್ರೇಮಕಥೆ. ಬಂದಾಗಲೇ ಕಣ್ಣು ಕೆಂಪಗಿರುತ್ತಿತ್ತು. "ಆ ಹುಡುಗಿ ಅವನಿಗೋಸ್ಕರ ಕೇಕ್ ಮಾಡ್ತಾಳೆ ಕತ್ತರಿ. ಒಲೆಯಿಂದ ತೆಗೆದಿದ್ದೇ ಬಿಸಿ ಕೇಕಿಗೆ ಕ್ರೀಮ್ ಹಚ್ಚಿಬಿಡ್ತಾಳೆ! ಕರಗಿ ಹರಿದು ಹೋಗಲ್ವಾ? ಯಾವ ತಾಯಿ ಕಲಿಸಿದ್ದು ಹಾಗೆ? ಆ ಕೇಕನ್ನ ಅವನು ತಿನ್ನೋಷ್ಟರಲ್ಲಿ ರೈಲು ಹೊರಟುಹೋಗತ್ತೆ. ನಾನು ಅತ್ತುಬಿಟ್ಟೆ ಮಾರಾಯ, ಕೇಕ್ ತಪ್ಪಾಗಿದ್ರೂ ಅತ್ತುಬಿಟ್ಟೆ."

ಕತ್ತರಿ ಇದನ್ನೆಲ್ಲ ಕಿವಿಯಲ್ಲಿ ತುಂಬಿಕೊಂಡು ಹೋಗಿ ಮಂಗಳವಾರ ಅಕ್ಕನ ಮುಂದೆ ಸುರಿಯುತ್ತಿದ್ದ. ಒಂದು ವಾರ ಬಿಳೀ ಕ್ಯಾಪಿನ ವಿಲನ್ನು, ಒಂದು ವಾರ ಎರಡಡಿ ಟೈಲ್ಸಿನ ದೆವ್ವ, ಒಂದು ವಾರ ಕರಗುವ ಕೇಕು. ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳುತ್ತಿದ್ದ. ಅಕ್ಕ ಕೇಳುತ್ತಿದ್ದಳು. "ಹೌದಾ? ಕೂಡುಗೆರೆ ತುಂಬಿರಲಿಲ್ವಾ? ಭಾರೀ ಗಮನಿಸಿದೀಯ ಬಿಡು" ಎನ್ನುತ್ತಿದ್ದಳು. ಇಂಟರ್ವಲ್‌ಗೆ ಕಿಟಕಿ ಸರಳು ಹಿಡಿದು ನಿಲ್ಲುತ್ತಿದ್ದಳು. ಹತ್ತು ಎಣಿಸುವುದು ಮೂವತ್ತಾಯಿತು. ಅಲ್ಲಿಗೇ ನಿಂತಿತು. ಒಂದು ಹೆಜ್ಜೆ ಇಡು ಅಕ್ಕ ಎಂದರೆ ಧಡಕ್ಕನೆ ಕೂತುಬಿಡುತ್ತಿದ್ದಳು.

ಈ ಸೋಮವಾರ ಫಿಸಿಯೋ ಮೇಡಂ ಸಲೂನಿಗೇ ಬಂದಳು. ಕುರ್ಚಿಯಲ್ಲಿ ಬೇಕರಿಯವರಿದ್ದರು, ಮುಖದ ತುಂಬ ಸೋಪಿನ ನೊರೆ.

"ಅಂಕಲ್, ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇನ್ನು ಎರಡು ವಾರ. ಅಷ್ಟರಲ್ಲಿ ಅವರು ನಡೀಲಿಲ್ಲ ಅಂದ್ರೆ ಆ ಕಾಲು ಇನ್ನು ನಡೆಯೋ ಕಾಲಲ್ಲ. ನಿಂತರೆ ಸಾಲದು. ಹೆಜ್ಜೆ ಹಾಕಬೇಕು."

ಅವಳು ಹೋದಳು. ಮೂವತ್ತೈದು ವರ್ಷದಲ್ಲಿ ಗಿರಾಕಿಯ ಗಲ್ಲಕ್ಕೆ ಗಾಯ ಮಾಡದವನು ಅವತ್ತು ಬೇಕರಿಯವರ ದವಡೆಯ ಹತ್ತಿರ ಒಂದು ಗೀರು ಎಳೆದ. ಅವರು ಪಾಪ ಗೀರಿನ ಮೇಲೆ ಬೆರಳೊತ್ತಿಕೊಂಡು, "ನಾಳೆ ಆ ಕೊಲೆ ಸಿನಿಮಾಕ್ಕೆ ಹೋಗು, ನಮ್ಮೂರಿಗೆ ಇವತ್ತಷ್ಟೇ ಬಂದಿದೆ, ಮನಸ್ಸು ಹಗುರಾಗತ್ತೆ" ಎಂದರು. ಕೊಲೆ ನೋಡಿ ಮನಸ್ಸು ಹೇಗೆ ಹಗುರಾಗುತ್ತದೋ ದೇವರೇ ಬಲ್ಲ.

ಆದರೆ ಕತ್ತರಿಗೆ ಆ ಮಾತು ಹಿಡಿಸಿತು. ಕೊಲೆ ಸಿನಿಮಾ ಎಂದರೆ ಇಂಟರ್ವಲ್ ಹೊತ್ತಿಗೆ ಕೊಲೆಗಾರ ಯಾರೆಂಬ ಪ್ರಶ್ನೆ ಗಂಟಲಿಗೆ ಸಿಕ್ಕಿಕೊಂಡಿರುತ್ತದೆ. ಅದನ್ನು ತಿಳಿಯುವ ಆಸೆಗಾದರೂ ಅಕ್ಕ ಮಂಚದಿಂದ ವಾಕರಿನ ತನಕ ನಡೆದಾಳು. ಮಂಚದ ಕಾಲಿಗೂ ಮೂಲೆಗೂ ನಡುವೆ ಆರು ಟೈಲ್ಸು, ಮೇಸ್ತ್ರಿಯ ಹಾಗೆ ಎಣಿಸಿ ನೋಡಿದ್ದ. ಈ ಸಲ ಕಂಡವರ ಬಾಯಿಮಾತು ಬೇಡ, ತಾನೇ ಕಣ್ಣು ಬಿಟ್ಟು ನೋಡಿ, ಕೂದಲೆಳೆಯೂ ತಪ್ಪದಂತೆ ಹೇಳುತ್ತೇನೆಂದು ಗಟ್ಟಿ ಮಾಡಿಕೊಂಡ.

ಮಂಗಳವಾರ ಥಿಯೇಟರಿಗೆ ಹೋಗುವ ಮುಂಚೆ ಎರಡು ಲೋಟ ಚಹಾ ಕುಡಿದ. ಮುಖಕ್ಕೆ ತಣ್ಣೀರು ಎರಚಿಕೊಂಡ. ಹಿಂದೊರಗಬಾರದೆಂದು ಸೀಟಿನ ತುದಿಯಲ್ಲಿ ಕೂತ. ಪರದೆಯ ಮೇಲೆ ಒಂದು ಮನೆ ಕಾಣಿಸಿತು, ಮೆಟ್ಟಿಲು, ಮೆಟ್ಟಿಲ ಕೆಳಗೊಂದು ಚಪ್ಪಲಿ. ಯಾರದೀ ಚಪ್ಪಲಿ ಎಂದು ಪೊಲೀಸಿನವನು ಕೇಳಿದ. ಕತ್ತರಿಗೆ ಅದರ ಉತ್ತರ ಗೊತ್ತಾಗಲಿಲ್ಲ.

"ಏನಣ್ಣ, ಇವತ್ತೂ ನಿದ್ದೆನಾ? ಕೊಲೆಗಾರ ಸಿಗಲಿಲ್ವಾ?"

ಪೊರಕೆಯ ಹಿಡಿ ಮೊಣಕಾಲಿಗೆ ತಟ್ಟುತ್ತಿತ್ತು. ದೀಪ ಹತ್ತಿತ್ತು. ಇಡೀ ಥಿಯೇಟರಿನಲ್ಲಿ ಉಳಿದವರು ಇವನು, ಕಸ ಗುಡಿಸುವವಳು. ಕತ್ತರಿಗೆ ಅಳು ಬರುವುದೊಂದು ಬಾಕಿ.

"ಅಮ್ಮಾ, ನಿಂಗೆ ಕೈಮುಗೀತೀನಿ. ಕೊಲೆ ಮಾಡಿದ್ದು ಯಾರು ಅಂತ ಹೇಳು."

"ನಂಗೇನು ಗೊತ್ತು? ನಾನು ಒಳಗೆ ಬರೋದೇ ಜನ ಎದ್ದ ಮೇಲೆ. ನಂಗೆ ಗೊತ್ತಿರೋದು ಕಸ. ಅಳೋ ಸಿನಿಮಾಕ್ಕೆ ಕಸ ಕಮ್ಮಿ, ತಿನ್ನೋದು ಮರೀತಾರೆ. ನಗೋ ಸಿನಿಮಾಕ್ಕೆ ಅರ್ಧಕ್ಕರ್ಧ ನೆಲದ ಮೇಲೆ. ಇದಕ್ಕೆ ನೋಡು, ಪೊಟ್ಟಣ ಪೂರ್ತಿ ಖಾಲಿ, ಅದನ್ನೂ ಚೂರುಚೂರು ಹರಿದು ಹಾಕಿದಾರೆ. ಚೆನ್ನಾಗಿರಬೇಕು ಸಿನಿಮಾ."

ಹೊರಗೆ ಬಂದರೆ ಕೇಳಲು ಯಾರೂ ಉಳಿದಿರಲಿಲ್ಲ. ಮನೆಗೆ ಇಪ್ಪತ್ತು ನಿಮಿಷದ ದಾರಿ. ಅಷ್ಟರಲ್ಲಿ ಕತ್ತರಿ ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕಿದಂತೆ ಒಂದು ಕಥೆ ಕಟ್ಟಿದ. ಮೆಟ್ಟಿಲ ಕೆಳಗಿನ ಚಪ್ಪಲಿ ಒಂದೇ ಅಸಲಿ. ಉಳಿದದ್ದು ಡಾಕ್ಟರ ವಿಲನ್ನು, ಮೇಸ್ತ್ರಿಯ ಬೀಗದ ಮನೆ, ಬೇಕರಿಯವರ ರೈಲು.

ಟೈಲರಮ್ಮ ದಾರ ಸೂಜಿ ಸುತ್ತಿಕೊಂಡು ಹೊರಟಳು. ಅಕ್ಕ ಎದ್ದು ಕೂತು ಕಾಲು ಇಳಿಬಿಟ್ಟಳು. ಕತ್ತರಿ ಸ್ಟೂಲಿನ ಮೇಲೆ ಕೂತು ಶುರುಮಾಡಿದ. ಬೀಗದ ಮನೆ, ಒಳಗೆ ಒಬ್ಬ ಸತ್ತಿದ್ದಾನೆ, ಮೆಟ್ಟಿಲ ಕೆಳಗೆ ಒಂಟಿ ಚಪ್ಪಲಿ. ಅಣ್ಣ ತಮ್ಮ ಇಬ್ಬರ ಮೇಲೂ ಅನುಮಾನ. ಒಬ್ಬ ರೈಲು ಹತ್ತಿ ಓಡುತ್ತಾನೆ, ಪೊಲೀಸು ಹಿಂದೆ ಬೀಳುತ್ತಾನೆ. ಹೇಳುತ್ತ ಹೇಳುತ್ತ ಅವನ ದನಿಯೇ ಅವನಿಗೆ ಬೇರೆ ಯಾರದೋ ಅನ್ನಿಸಿತು.

"ಪೊಲೀಸು ರೈಲಿನ ಡಬ್ಬಿ ಬಾಗಿಲು ಎಳೀತಾನೆ. ಒಳಗೆ ನಿಂತಿರೋದು..." ಕತ್ತರಿ ಕೈ ಎತ್ತಿದ. "ಇಂಟರ್ವಲ್!"

ಅಕ್ಕ ಕಿಟಕಿ ಸರಳು ಹಿಡಿದು ನಿಂತಳು.

"ಇವತ್ತು ನಿಂತರೆ ಆಗಲ್ಲ ಅಕ್ಕ. ಅಲ್ಲಿ ವಾಕರ್ ಇದೆಯಲ್ಲ, ಅಲ್ಲೀವರೆಗೂ ಬಾ. ಗೋಡೆ ಹಿಡ್ಕೋ, ನಾನೂ ಹಿಡ್ಕೋತೀನಿ. ಬಂದ್ರೆ ಕೊಲೆಗಾರ ಯಾರು ಅಂತ ಹೇಳ್ತೀನಿ."

ಅಕ್ಕ ವಾಕರನ್ನು ನೋಡಿದಳು, ತಮ್ಮನನ್ನು ನೋಡಿದಳು. ಕೂರಲಿಲ್ಲ.

"ಕೊಲೆಗಾರನ ತಲೆ ಹೆಂಗಿತ್ತೋ?"

"ತಲೆ ಅಂದ್ರೆ?"

"ತಲೆ ಅಂದ್ರೆ ತಲೆ ಕಣೋ. ಕೂದಲು. ಹೆಂಗೆ ಕತ್ತರಿಸಿದ್ರು?"

"ಚೆನ್ನಾಗಿತ್ತು."

"ಪೊಲೀಸಿನವಂದು?"

"ಅವನದೂ... ಚೆನ್ನಾಗೇ ಇತ್ತು."

"ತಮ್ಮಯ್ಯ," ಎಂದಳು ಅಕ್ಕ. ಅವಳು ಹಾಗೆ ಕರೆಯುವುದು ಅಪರೂಪ. "ಏಳು ವರ್ಷದವನಿದ್ದಾಗ ಮೊದಲ ಸಲ ನಿನ್ನ ಸಿನಿಮಾಕ್ಕೆ ಕರ್ಕೊಂಡು ಹೋಗಿದ್ದೆ. ರಾಜ ಸಾಯ್ತಿದಾನೆ, ಎಲ್ಲರೂ ಅಳ್ತಿದಾರೆ, ನೀನು ಎದ್ದು ನಿಂತು 'ಅಕ್ಕಾ ಅದು ವಿಗ್ಗು' ಅಂತ ಕಿರುಚಿದೆ. ಅವತ್ತಿನಿಂದ ಇವತ್ತಿನವರೆಗೂ ಪರದೆ ಮೇಲಿನ ಒಂದು ತಲೇನ ನೀನು ಚೆನ್ನಾಗಿದೆ ಅಂದಿದ್ದುಂಟೇನೋ? ಹಲ್ಲು ಹೇಳ್ದೆ, ಟೈಲ್ಸು ಹೇಳ್ದೆ, ಕೇಕು ಹೇಳ್ದೆ. ಎರಡೂವರೆ ತಿಂಗಳಿಂದ ಒಂದು ಕೂದಲು ಹೇಳಲಿಲ್ಲ. ಯಾರ ಕಿವಿ ಮೇಲೋ ಹೂವು ಇಡ್ತಿರೋದು ನೀನು?"

ಕತ್ತರಿಯ ಮುಖ ಕಪ್ಪಿಟ್ಟಿತು.

"ಥಿಯೇಟರಲ್ಲಿ ನಿದ್ದೆ ಮಾಡ್ತೀಯ ಅಂತ ಮೂರನೇ ವಾರಾನೇ ಗೊತ್ತಾಯ್ತು. ಬರ್ತೀಯ, ಹಿಂದೆ ತಲೆ ಚಪ್ಪಟೆ, ಕೂದಲು ಒಂದು ಪಕ್ಕಕ್ಕೆ. ಕನ್ನಡಿ ಅಂಗಡೀಲಿ ಬೇಕಾದಷ್ಟಿದೆ, ಒಂದು ದಿನ ಆದ್ರೂ ನೋಡ್ಕೊಂಡಿದೀಯ?"

"ಗೊತ್ತಿದ್ರೆ ಯಾಕೆ ಹೇಳಲಿಲ್ಲ?" ಕತ್ತರಿಗೆ ನಾಚಿಕೆಯ ಜೊತೆಗೆ ಸಿಟ್ಟೂ ಬಂತು. "ಯಾಕೆ ಸುಮ್ಮನೆ ಕೂತು ಕೇಳ್ದೆ? ಯಾಕೆ ಎದ್ದು ನಿಲ್ತಿದ್ದೆ?"

"ಅಷ್ಟು ದಣಿದು ಬಂದು, ಪಾಪ ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ದೆ. ಎದ್ದು ನಿಲ್ಲದೇ ಇರೋಕಾಗತ್ತಾ?"

"ಹಂಗಿದ್ರೆ ನಡೆಯೇ ಅಕ್ಕ. ಎರಡೇ ವಾರ ಅಂದಿದಾಳೆ ಆ ಫಿಸಿಯೋ ಹುಡುಗಿ. ಆಮೇಲೆ ಜನ್ಮಪೂರ್ತಿ ಮಂಚ. ನನ್ನ ಕೈಲಿ ಆಗ್ತಿಲ್ಲ. ಸಾಕಾಗಿದೆ ನಂಗೆ. ನಿಜವಾಗಲೂ ಸಾಕಾಗಿದೆ."

ಅಂದ ಮೇಲೆ ಅಯ್ಯೋ ಅಂದುಬಿಟ್ಟೆನಲ್ಲ ಎಂದು ನಾಲಿಗೆ ಕಚ್ಚಿಕೊಂಡ. ಅಕ್ಕ ಸಿಟ್ಟಾಗಲಿಲ್ಲ. ಸರಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಬೀಳ್ತೀನಿ ಅಂತ ಭಯ ಇಲ್ಲ ನಂಗೆ. ಬೀಳೋದು ಒಂದು ಕ್ಷಣ. ಅವತ್ತು ಕೂಗಿದೆ. ನಿನ್ನ ಹೆಸರು ಹಿಡಿದು ಎಷ್ಟು ಕೂಗಿದೆ. ಯಾರೂ ಬರಲಿಲ್ಲ. ಮಂಚದ ಮೇಲಿದ್ರೆ ಯಾರನ್ನೂ ಕೂಗಬೇಕಾಗಲ್ಲ ನೋಡು, ಅದಕ್ಕೆ."

ಕೊನೆಗಳಿಗೆಯಲ್ಲಿ ಬಂದ ಆ ಇಬ್ಬರು ಗಿರಾಕಿಗಳ ಮುಖ ಕತ್ತರಿಗೆ ಇವತ್ತಿಗೂ ನೆನಪಿತ್ತು, ಅವರ ತಲೆಯ ಸುಳಿ ಸಮೇತ. "ಒಂದೇ ನಿಮಿಷ ಅಕ್ಕ" ಎಂದು ಮಂಚದ ಅಂಚಿಗೆ ಕೂತ. ಅವಳು ಕೂತೆದ್ದ ಜಾಗ ಇನ್ನೂ ಬೆಚ್ಚಗಿತ್ತು. ಅವಳು ಇನ್ನೇನೋ ಹೇಳುತ್ತಿದ್ದಳು, ಕೇಳಬೇಕು ಅಂದುಕೊಂಡ.

ಎಚ್ಚರವಾದಾಗ ಕಿಟಕಿಯಲ್ಲಿ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ತಾನು ಎಲ್ಲಿದ್ದೇನೆಂದು ಕತ್ತರಿಗೆ ಕೂಡಲೇ ಹೊಳೆಯಲಿಲ್ಲ. ಮೊಣಕಾಲು ತಟ್ಟುವ ಪೊರಕೆ ಇರಲಿಲ್ಲ. ತಾನು ಮಂಚಕ್ಕೆ ಅಡ್ಡಡ್ಡ ಬಿದ್ದುಕೊಂಡಿದ್ದ. ಮೂಲೆಯಲ್ಲಿ ಒಣಗುತ್ತಿದ್ದ ಟವೆಲ್ ಅವನ ಎದೆಯ ಮೇಲೆ ಹೊದಿಸಿತ್ತು. ಅವನು ಆ ಟವೆಲ್ಲನ್ನೇ ನೋಡುತ್ತ ಮಲಗಿದ್ದ. ಆಮೇಲೆ ಧಡಕ್ಕನೆ ಎದ್ದು ಕೂತ. ಕಿಟಕಿಯ ಹತ್ತಿರ ಅಕ್ಕ ಇರಲಿಲ್ಲ. ಮೂಲೆಯಲ್ಲಿ ವಾಕರ್ ಇರಲಿಲ್ಲ.

"ಅಕ್ಕಾ!"

ಓಡಿದ. ಬಚ್ಚಲ ಕಡೆ ಮೊದಲು ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಅಡುಗೆಮನೆಯಲ್ಲಿ ಅಕ್ಕ ಎತ್ತರದ ಸ್ಟೂಲಿನ ಮೇಲೆ ಕೂತಿದ್ದಳು. ವಾಕರ್ ಎದುರಿಗಿತ್ತು, ಎರಡು ಕೈಯಲ್ಲೂ ಅದನ್ನು ಅಮುಕಿ ಹಿಡಿದಿದ್ದಳು. ಮುಖ ಬೆವರಿನಿಂದ ತೊಯ್ದಿತ್ತು, ತುಟಿ ಬಿಳಚಿಕೊಂಡಿತ್ತು. ಚಹಾ ಮಾಡಲೆಂದು ಬಂದವಳು ಒಲೆ ಹಚ್ಚಿರಲಿಲ್ಲ. ಅಲ್ಲಿಗೆ ಬರುವಷ್ಟರಲ್ಲೇ ಇದ್ದಬದ್ದ ಶಕ್ತಿಯೆಲ್ಲ ಮುಗಿದಿತ್ತು.

"ಏನು ನಿದ್ದೆಯೋ ನಿಂದು! ಕುಂಭಕರ್ಣ ವಾಸಿ," ಎಂದಳು ಉಸಿರು ಬಿಡುತ್ತ. "ಕೂರೋಣ ಅಂದ್ರೆ ಮಂಚ ಪೂರ್ತಿ ನಿಂದೇ, ಸ್ಟೂಲು ಕೈಗೆ ಎಟುಕಲ್ಲ. ಸರಳು ಹಿಡಿದು ಹಿಡಿದು ಕೈ ಸೋತುಹೋಯ್ತು. ನಾಲ್ಕು ಸಲ ಕೂಗಿದೆ. ಏಳಲಿಲ್ಲ ನೀನು."

"ನಾಲ್ಕು ಸಲಾನಾ?"

"ಹೂಂ. ನಾಲ್ಕು ಸಲ ಕೂಗಿದೆ, ಯಾರೂ ಬರಲಿಲ್ಲ. ಆಮೇಲೆ ನಾನೇ ಬಂದೆ."

ಕತ್ತರಿ ಬಾಗಿಲಲ್ಲೇ ಕುಸಿದು ಕೂತ. ಅತ್ತ. ಐವತ್ತನಾಲ್ಕು ವರ್ಷದ ಗಂಡಸು, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಮಗುವಿನ ಹಾಗೆ ಮೂಗು ಸುರಿಸಿಕೊಂಡು ಅತ್ತ. ಅಕ್ಕ ತಡೆಯಲಿಲ್ಲ. ಅವಳ ಕಣ್ಣಲ್ಲೂ ನೀರಿತ್ತು, ನೋವಿನದೋ ಮತ್ತೊಂದರದೋ ಅವಳೇ ಹೇಳಬೇಕು.

"ಸಾಕು, ಮೂಗು ಒರೆಸ್ಕೋ. ಮುಂದಿನ ಮಂಗಳವಾರವೂ ಹೋಗು ಆ ಥಿಯೇಟರಿಗೆ. ಹೋಗಿ ನಿದ್ದೆ ಮಾಡು. ಬಂದು ನಿದ್ದೆ ಹೆಂಗಿತ್ತು ಅಂತ ಹೇಳು, ಆ ಹಲ್ಲಿನ ಡಾಕ್ಟರ ಪುರಾಣ ಬೇಡ ನಂಗೆ."

ಕತ್ತರಿ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಎದ್ದ. ಒಲೆ ಹಚ್ಚಿ ಚಹಾಕ್ಕೆ ನೀರಿಟ್ಟ. ಚಹಾಪುಡಿಯ ಡಬ್ಬಿ ತೆಗೆಯಲು ಅಕ್ಕನ ಹಿಂದಿನಿಂದ ಹೋದವನು ಅಲ್ಲೇ ನಿಂತ. ಮೂರು ತಿಂಗಳಿಂದ ಅವಳನ್ನು ಎತ್ತಿದ್ದ, ಮಲಗಿಸಿದ್ದ, ಮಗ್ಗುಲು ತಿರುಗಿಸಿದ್ದ. ಅವಳ ಹಿಂದಲೆಯನ್ನು ಒಂದು ದಿನವೂ ನೋಡಿರಲಿಲ್ಲ. ದಿಂಬಿಗೆ ಉಜ್ಜಿ ಉಜ್ಜಿ ಕೂದಲು ಗಂಟುಗಂಟಾಗಿ ಹೆಣೆದುಕೊಂಡಿತ್ತು, ಕತ್ತಿನ ಹತ್ತಿರ ಜಡೆಗೂ ಸಿಗದೆ ಮುದ್ದೆಯಾಗಿತ್ತು. ಟೈಲರಮ್ಮ ಮೇಲೆಮೇಲೆ ಬಾಚಿ ಬಿಟ್ಟಿದ್ದಿರಬೇಕು.

"ಥೂ! ಏನೇ ಅಕ್ಕ ಇದು ನಿನ್ನ ತಲೆ?" ಎಂದ ಕತ್ತರಿ. "ಇದನ್ನ ತಲೆ ಅಂತಾರಾ? ಕಾಗೆ ಗೂಡು ಕಟ್ಟಿದ ಹಾಗಿದೆ. ಸುಳಿ ಯಾವುದು, ಬೈತಲೆ ಯಾವುದು, ಒಂದೂ ಗೊತ್ತಾಗಲ್ಲ. ಯಾರಾದ್ರೂ ನೋಡಿದ್ರೆ ನನ್ನ ಅಂಗಡಿಗೆ ಬೀಗ ಜಡೀತಾರೆ."

ಅಕ್ಕ ನಗತೊಡಗಿದಳು. ಸೊಂಟ ನೋಯುತ್ತದೆಂದು ಹಿಡಿದುಕೊಂಡು ನಕ್ಕಳು.

"ಅಬ್ಬಾ," ಎಂದಳು. "ಈಗ ಎಚ್ಚರ ಆಯ್ತು ನೋಡು ನಿಂಗೆ."

ಕತ್ತರಿ ಒಲೆ ಸಣ್ಣ ಮಾಡಿ, ಬಾಚಣಿಗೆ ತರಲು ಒಳಗೆ ಹೋದ.